ಅಜ್ಜನ ಗಂಗಾಳದಲ್ಲಿ ಏನಿದೆ? ವಿಜಯಪುರ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ವಿಜಯಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕೃಷಿ ಮತ್ತು ಆಹಾರ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಈ ಊರಿನಲ್ಲಿ 24 ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ನಮ್ಮ ಕೌಂಟರಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಅರವತ್ತು ದಾಟಿದವರು. ಬಿಪಿ, ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಬಿಡದ ಕೆಮ್ಮು. ಅವರ ಚೀಟಿ ನೋಡಿ, ಗುಳಿಗೆ ಕೊಟ್ಟು, ಯಾವುದು ಊಟಕ್ಕೆ ಮೊದಲು ಯಾವುದು ಆಮೇಲೆ ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಇಷ್ಟು ವರ್ಷ ಅಷ್ಟೇ ಮಾಡಿಕೊಂಡು ಬಂದೆ. ಈಗ ಅದು ಸಾಲದು ಅನ್ನಿಸಿದೆ. ಅದಕ್ಕೇ ಈ ಪತ್ರ. ಹಿರಿಯರ ಊಟದ ಬಗ್ಗೆ, ಆ ಊಟದಲ್ಲಿ ಇರಬೇಕಾದ ಸೆಲೆನಿಯಂ ಅನ್ನುವ ಅಂಶದ ಬಗ್ಗೆ, ಅದರ ಹೆಸರಿನಲ್ಲಿ ಮಾರುವ ಗುಳಿಗೆಗಳ ಬಗ್ಗೆ.

ಈ ವರ್ಷ ಸಿದ್ಧೇಶ್ವರ ಜಾತ್ರೆ ಮುಗಿದ ವಾರದಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದರು. ಎಪ್ಪತ್ತರ ಮೇಲಿನ ವಯಸ್ಸು, ಧೋತರ, ಟೊಪ್ಪಿಗೆ, ಕೈಯಲ್ಲಿ ಬಟ್ಟೆ ಚೀಲ. ಚೀಲದಿಂದ ಮೂರು ಸ್ಟ್ರಿಪ್ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟರು. ಒಂದನ್ನು ಮಗ ಪುಣೆಯಿಂದ ಕಳಿಸಿದ್ದ. ಇನ್ನೊಂದು ಯಾರೋ ಪರಿಚಯದವರು ಹೇಳಿದ್ದು. ಮೂರನೆಯದು ಒಂದು ಉಚಿತ ತಪಾಸಣೆ ಶಿಬಿರದಲ್ಲಿ ಕೊಂಡದ್ದು.

‘ತಂಗಿ, ಇದರಾಗ ಯಾವುದು ಛಲೋ ಐತಿ? ಮೂರೂ ತಗೊಂಡ್ರ ಶಕ್ತಿ ಜಾಸ್ತಿ ಬರ್ತೈತೇನು?’

ನಾನು ಚಷ್ಮಾ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಮೂರರಲ್ಲೂ ಸೆಲೆನಿಯಂ ಇತ್ತು. ಒಂದರಲ್ಲಿ 60 ಮೈಕ್ರೋಗ್ರಾಂ, ಇನ್ನೊಂದರಲ್ಲಿ 100, ಮತ್ತೊಂದರಲ್ಲಿ 100. ಕೂಡಿಸಿದರೆ 260. ಅವರು ತಿಂಗಳಿಂದ ಮೂರನ್ನೂ ನುಂಗುತ್ತಿದ್ದರು.

‘ಕಾಕಾ, ನಿನ್ನೆ ಏನ್ ಊಟಾ ಮಾಡೀರಿ?’ ಅಂತ ಕೇಳಿದೆ.

‘ಏನ್ ಊಟಾ ತಂಗಿ. ಮುಂಜಾನೆ ಚಾ, ಟೋಸ್ಟ್. ಮಧ್ಯಾಹ್ನ ಒಂದ್ ಹಿಡಿ ಅನ್ನಾ ಸಾರು. ರಾತ್ರಿ ಹಸಿವ ಆಗ್ಲಿಲ್ಲ.’

‘ರೊಟ್ಟಿ?’

‘ಹಲ್ಲ ಎಲ್ಲಿ ಅದಾವ ಯವ್ವಾ.’

ಆ ಮಾತು ನನ್ನನ್ನು ಬಿಟ್ಟಿಲ್ಲ. ಗಂಗಾಳದಲ್ಲಿ ಏನೂ ಇಲ್ಲ, ಚೀಲದಲ್ಲಿ ಮೂರು ಸ್ಟ್ರಿಪ್. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಇದೇ ಕಥೆ ಇದೆ ಅಂತ ನನಗೆ ಕೌಂಟರಿನ ಈಚೆ ನಿಂತೇ ಕಾಣುತ್ತದೆ.

ಸೆಲೆನಿಯಂ ಅಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ಮಣ್ಣಿನಲ್ಲಿರುವ ಒಂದು ಮೂಲವಸ್ತು ಅದು. ಸ್ವೀಡನ್ನಿನ ಬರ್ಜೇಲಿಯಸ್ 1817ರಲ್ಲಿ ಕಂಡುಹಿಡಿದು, ಗ್ರೀಕರ ಚಂದ್ರದೇವತೆಯ ಹೆಸರಿಟ್ಟರು. ಬಹಳ ಕಾಲ ಅದನ್ನು ದನಕರುಗಳಿಗೆ ವಿಷ ಅಂತಲೇ ನೋಡುತ್ತಿದ್ದರು. ಅದಿಲ್ಲದೆ ದೇಹ ನಡೆಯುವುದಿಲ್ಲ ಅಂತ ಗೊತ್ತಾದದ್ದು 1957ರಲ್ಲಿ, ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ. ಬೇಕಾದದ್ದು ಎಷ್ಟು? ನಮ್ಮ ದೇಶದಲ್ಲಿ ದೊಡ್ಡವರಿಗೆ ದಿನಕ್ಕೆ 40 ಮೈಕ್ರೋಗ್ರಾಂ ಅಂತ ಹೇಳಿದ್ದಾರೆ. ಅಮೆರಿಕದವರು 55 ಅನ್ನುತ್ತಾರೆ. ಸಾವಿರ ಮೈಕ್ರೋಗ್ರಾಂ ಕೂಡಿದರೆ ಒಂದು ಮಿಲಿಗ್ರಾಂ. ನಮ್ಮ ಮಾಲ್ದಂಡಿ ಜೋಳದ ಒಂದು ಕಾಳು ಸುಮಾರು 35 ಮಿಲಿಗ್ರಾಂ ತೂಗುತ್ತದೆ. ಆ ಒಂದು ಕಾಳನ್ನು ಹತ್ತಿರ ಹತ್ತಿರ 900 ಚೂರು ಮಾಡಿದರೆ, ಅದರಲ್ಲಿ ಒಂದು ಚೂರು ಎಷ್ಟೋ ಅಷ್ಟು. ದಿನಕ್ಕೆ ಅಷ್ಟೇ ಸಾಕು.

ಅಷ್ಟು ಸಣ್ಣದಕ್ಕೆ ಏನು ಕೆಲಸ ಅಂತ ಅನ್ನಿಸಬಹುದು. ನಮ್ಮ ಕಡೆ ಕಬ್ಬು ಕಡಿದ ಮೇಲೆ ರವದಿ, ಅಂದರೆ ಒಣಗಿದ ಎಲೆ, ಸುಡುವುದನ್ನು ನೋಡಿದ್ದೀರಿ ಅಲ್ವಾ. ತಿಳಿದ ರೈತ ಸುಮ್ನೆ ಕಡ್ಡಿ ಗೀರುವುದಿಲ್ಲ. ಮೊದಲು ಬದುವಿನ ಗುಂಟ ರವದಿ ಎಳೆದು ಜಾಗ ಖಾಲಿ ಮಾಡುತ್ತಾನೆ. ನೀರು ತುಂಬಿದ ಕೊಡ ಇಟ್ಟುಕೊಳ್ಳುತ್ತಾನೆ. ಇಲ್ಲದಿದ್ದರೆ ಪಕ್ಕದ ಹೊಲವೂ ಹೋಗುತ್ತದೆ. ನಮ್ಮ ರಕ್ತದ ಬಿಳಿ ಕಣಗಳು ರೋಗಾಣುವನ್ನು ಕೊಲ್ಲಲು ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಸುಡುವ ವಸ್ತುಗಳನ್ನೇ ಬಳಸುತ್ತವೆ. ರೋಗಾಣು ಸಾಯಬೇಕು, ಆದರೆ ನಮ್ಮದೇ ಕಣಗಳು ಸುಡಬಾರದು. ಆ ಬದು ಕಾಯುವ ಕೆಲಸ ಮಾಡುವ ಒಂದು ಕಿಣ್ವ ಇದೆ, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅಂತ. ಅದು ಪೆರಾಕ್ಸೈಡನ್ನು ನೀರು ಮಾಡಿಬಿಡುತ್ತದೆ. ಆ ಕಿಣ್ವದ ಒಳಗೆ ಸೆಲೆನಿಯಂ ಇದೆ ಅಂತ 1973ರಲ್ಲಿ ತಿಳಿಯಿತು. ಇಂಥ ಸೆಲೆನಿಯಂ ಸೇರಿದ ಪ್ರೋಟೀನ್‌ಗಳನ್ನು ತಯಾರಿಸುವ 25 ಜೀನ್‌ಗಳು ಮನುಷ್ಯನ ದೇಹದಲ್ಲಿವೆ. ರೋಗದ ವಿರುದ್ಧ ಹೋರಾಡುವ ಟಿ ಕಣಗಳು ಬದುಕಿ ಉಳಿಯಲು, ಬೇಗ ಬೇಗ ಹೆಚ್ಚಾಗಲು ಇವು ಬೇಕೇ ಬೇಕು.

ವಯಸ್ಸಾದವರಲ್ಲಿ ಈ ಕಾವಲು ಮೊದಲೇ ಸಡಿಲ ಆಗಿರುತ್ತದೆ. ಟಿ ಕಣಗಳನ್ನು ತಯಾರು ಮಾಡುವ ಥೈಮಸ್ ಗ್ರಂಥಿ ಎದೆಯ ಒಳಗಿದೆ. ಅದು ಹರೆಯದಿಂದಲೇ ಕುಗ್ಗುತ್ತಾ ಬರುತ್ತದೆ. ಎಪ್ಪತ್ತಕ್ಕೆ ಬರುವಷ್ಟರಲ್ಲಿ ಅದರ ಬಹುಪಾಲು ಕೊಬ್ಬಾಗಿರುತ್ತದೆ. ಹಳೆಯ ರೋಗಗಳ ನೆನಪಿರುವ ಕಣಗಳು ಉಳಿದಿರುತ್ತವೆ, ಹೊಸ ರೋಗ ಎದುರಿಸುವ ಹೊಸ ಕಣ ಕಡಿಮೆ. ಅದಕ್ಕೆ ಅದೇ ಲಸಿಕೆ ಮೊಮ್ಮಗನಿಗೆ ಕೊಟ್ಟಷ್ಟು ಬಲ ಅಜ್ಜನಿಗೆ ಕೊಡುವುದಿಲ್ಲ. ಮೈಯೊಳಗೆ ಸಣ್ಣ ಉರಿ ಮಾತ್ರ ಯಾವಾಗಲೂ ಇರುತ್ತದೆ. ಅಂಥ ದೇಹಕ್ಕೆ ಊಟದಿಂದ ಬರುವ ಕಾವಲುಗಾರನೂ ಕಡಿಮೆ ಆದರೆ ಏನಾಗಬೇಡ?

ಏನಾಗುತ್ತದೆ ಅಂತ ಚೀನಾದ ಒಂದು ಕಡೆ ಕಂಡಿದ್ದಾರೆ. ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ಕೇಶಾನ್ ಅನ್ನುವ ತಾಲೂಕು. 1935ರಲ್ಲಿ ಅಲ್ಲಿ ಒಂದು ಹೃದಯದ ಕಾಯಿಲೆ ಗಮನಕ್ಕೆ ಬಂತು. ಸಣ್ಣ ಮಕ್ಕಳು, ಹೆರುವ ವಯಸ್ಸಿನ ಹೆಂಗಸರು ಜಾಸ್ತಿ ಸಾಯುತ್ತಿದ್ದರು. ಆ ಮಣ್ಣಿನಲ್ಲಿ ಸೆಲೆನಿಯಂ ಬಹಳ ಕಡಿಮೆ ಇತ್ತು, ಹಾಗಾಗಿ ಅಲ್ಲಿ ಬೆಳೆದ ಧಾನ್ಯದಲ್ಲೂ ಕಡಿಮೆ ಇತ್ತು. 1970ರ ದಶಕದಲ್ಲಿ ಸೋಡಿಯಂ ಸೆಲೆನೈಟ್ ಗುಳಿಗೆ ಕೊಟ್ಟಾಗ ರೋಗ ಇಳಿಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ರೋಗದ ಹಿಂದೆ ಕಾಕ್ಸಾಕಿ ಅನ್ನುವ ವೈರಸ್ ಕೂಡ ಇತ್ತು. 1990ರ ದಶಕದಲ್ಲಿ ಅಮೆರಿಕದ ಮೆಲಿಂಡಾ ಬೆಕ್ ಮತ್ತು ಜೊತೆಗಾರರು ಸೆಲೆನಿಯಂ ಇಲ್ಲದ ಊಟ ಕೊಟ್ಟ ಇಲಿಮರಿಗಳಿಗೆ ಅದೇ ವೈರಸ್ಸಿನ ಸೌಮ್ಯ ತಳಿಯನ್ನು ಕೊಟ್ಟರು. ಹೃದಯಕ್ಕೆ ಏನೂ ಮಾಡದ ತಳಿ ಅದು. ಆ ಬಡಕಲು ಇಲಿಗಳ ಮೈಯಲ್ಲಿ ವೈರಸ್ಸೇ ಬದಲಾಯಿತು, ಕ್ರೂರ ಆಯಿತು. ಹಾಗೆ ಬದಲಾದ ವೈರಸ್ಸನ್ನು ಚೆನ್ನಾಗಿ ಉಂಡ ಇಲಿಗೆ ಹಾಕಿದರೆ ಅದರ ಹೃದಯವೂ ಕೆಟ್ಟಿತು. ನಾನು ಇದನ್ನು ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ಹಾಗೇ ಅಂತ ಹೇಳಲು ಬರುವುದಿಲ್ಲ, ನಿಜ. ಆದರೂ ಒಬ್ಬರ ಗಂಗಾಳದ ಕೊರತೆ ಅವರೊಬ್ಬರದೇ ಅಂತ ನನಗೆ ಅಂದಿನಿಂದ ಅನ್ನಿಸಿಲ್ಲ.

ಹಿರಿಯರ ಮೇಲೆಯೇ ನಡೆದ ಕೆಲಸವೂ ಇದೆ. ಫ್ರಾನ್ಸಿನಲ್ಲಿ 25 ಆರೈಕೆ ಕೇಂದ್ರಗಳಲ್ಲಿದ್ದ 65 ದಾಟಿದ 725 ಜನರಿಗೆ ಎರಡು ವರ್ಷ ಔಷಧ ಕೊಟ್ಟು ನೋಡಿದರು. ಒಂದು ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಸತು ಮತ್ತು 100 ಮೈಕ್ರೋಗ್ರಾಂ ಸೆಲೆನಿಯಂ. ಫಲಿತಾಂಶ 1999ರಲ್ಲಿ ಪ್ರಕಟ ಆಯಿತು. ಫ್ಲೂ ಲಸಿಕೆ ಹಾಕಿದ ಮೇಲೆ ಈ ಗುಂಪಿನವರ ರಕ್ತದಲ್ಲಿ ರೋಗಾಣುವನ್ನು ಹಿಡಿಯುವ ಪ್ರತಿಕಾಯ ಹೆಚ್ಚು ಬಂತು. ಉಸಿರಾಟದ ಸೋಂಕೂ ಸ್ವಲ್ಪ ಕಡಿಮೆ ಇತ್ತು, ಆದರೆ ಅದು ಖಾತ್ರಿಯಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸ ಆಗಿರಲಿಲ್ಲ. ಅವರಲ್ಲಿ ಬಹಳ ಜನಕ್ಕೆ ಮೊದಲೇ ಕೊರತೆ ಇತ್ತು ಅನ್ನುವುದನ್ನು ಮರೆಯಬಾರದು. ಮುಂದೆ ಇಂಗ್ಲೆಂಡಿನಲ್ಲಿ 50ರಿಂದ 64 ವಯಸ್ಸಿನವರಿಗೆ ಸೆಲೆನಿಯಂ ಕೊಟ್ಟು, ಫ್ಲೂ ಲಸಿಕೆ ಹಾಕಿ ನೋಡಿದಾಗ ಚಿತ್ರ ಬೇರೆ ಬಂತು. ಕೆಲವು ಕಣಗಳಿಗೆ ಅನುಕೂಲ, ಕೆಲವಕ್ಕೆ ಅನನುಕೂಲ. ಪ್ರಮಾಣ ಎಷ್ಟು, ಯಾವ ರೂಪದಲ್ಲಿ ಕೊಟ್ಟರು ಅನ್ನುವುದರ ಮೇಲೆ ಎಲ್ಲವೂ ನಿಂತಿತ್ತು.

ಕೊರೊನಾ ಕಾಲದಲ್ಲಿ ಜರ್ಮನಿಯವರು ರೋಗಿಗಳ ರಕ್ತ ನೋಡಿದರು. ಉಳಿದವರಿಗಿಂತ ತೀರಿಹೋದವರಲ್ಲಿ ಸೆಲೆನಿಯಂ ಕಡಿಮೆ ಇತ್ತು. ಇದನ್ನೇ ಹಿಡಿದು ಎಷ್ಟೋ ಜಾಹೀರಾತು ಬಂದವು. ಆದರೆ ಮೈಯಲ್ಲಿ ಸೋಂಕು ಜೋರಾದರೆ ರಕ್ತದ ಸೆಲೆನಿಯಂ ತಾನಾಗಿಯೇ ಇಳಿಯುತ್ತದೆ. ಕಡಿಮೆ ಇದ್ದದ್ದಕ್ಕೆ ರೋಗ ಜೋರಾಯಿತೋ, ರೋಗ ಜೋರಾದದ್ದಕ್ಕೆ ಅದು ಕಡಿಮೆ ಆಯಿತೋ ಅಂತ ಬಿಡಿಸಿ ನೋಡಬೇಕು. ಜಾಹೀರಾತಿನವರು ಅದನ್ನು ಬಿಡಿಸಲಿಲ್ಲ.

ನಾನೂ ಬಿಡಿಸಲಿಲ್ಲ. 2020, 2021ರಲ್ಲಿ ಜನ ಬಂದು ‘ಇಮ್ಯುನಿಟಿ ಗುಳಿಗಿ ಕೊಡ್ರಿ ಅಕ್ಕಾರ’ ಅಂದಾಗ ನಾನೂ ಕೊಟ್ಟೆ. ಏನು ಉಣ್ಣುತ್ತೀರಿ, ಬೇರೆ ಏನು ನುಂಗುತ್ತೀರಿ ಅಂತ ಒಬ್ಬರನ್ನೂ ಕೇಳಲಿಲ್ಲ. ಇದು ನನ್ನ ತಪ್ಪು. ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತದೆ.

ಯಾಕೆ ಚುಚ್ಚುತ್ತದೆ ಅಂದರೆ ಸೆಲೆನಿಯಂ ವಿಷಯದಲ್ಲಿ ಸಾಲದ್ದಕ್ಕೂ ಜಾಸ್ತಿಗೂ ನಡುವಿನ ಜಾಗ ಬಹಳ ಕಿರಿದು. ದಿನಕ್ಕೆ 400 ಮೈಕ್ರೋಗ್ರಾಂ ದಾಟಬಾರದು ಅಂತ ಅಮೆರಿಕದವರ ಗೆರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಆ ಗೆರೆಯನ್ನು 255ಕ್ಕೆ ಇಳಿಸಿತು. ನಮ್ಮ ಕಾಕಾನ ಮೂರು ಸ್ಟ್ರಿಪ್ ಸೇರಿದರೆ 260. ಊಟದ್ದು ಬೇರೆ. ಗೆರೆ ದಾಟಿದರೆ ಮೊದಲು ಕೂದಲು ಉದುರುತ್ತದೆ, ಉಗುರು ಬಿರಿಯುತ್ತವೆ, ಹೊಟ್ಟೆ ಕೆಡುತ್ತದೆ, ಕೈಕಾಲು ಜುಮುಗುಡುತ್ತವೆ. ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ಬೆಳ್ಳುಳ್ಳಿ ಖಾರ ಇಲ್ಲದೆ ರೊಟ್ಟಿ ತಿನ್ನದ ನಮ್ಮಂಥವರ ಮನೆಯಲ್ಲಿ ಆ ಸೂಚನೆ ಯಾರಿಗೂ ಗೊತ್ತಾಗುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವರೂಪದ ಟಾನಿಕ್‌ನಲ್ಲಿ ಚೀಟಿಯಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿತ್ತು. 201 ಜನ ಕಾಯಿಲೆ ಬಿದ್ದರು. ಆರೋಗ್ಯ ಬೇಕು ಅಂತ ಕುಡಿದವರು ಅವರೆಲ್ಲ.

ಅಷ್ಟು ದೂರ ಯಾಕೆ? ಗಜಾನನ ಮಹಾರಾಜರ ಶೇಗಾಂವ್ ನಮ್ಮವರಿಗೆ ಗೊತ್ತಿರುವ ಊರೇ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಆ ತಾಲೂಕಿನ ಹಳ್ಳಿಗಳಲ್ಲಿ 2024ರ ಕೊನೆ, 2025ರ ಆರಂಭದಲ್ಲಿ ಜನರ ತಲೆಗೂದಲು ಕೆಲವೇ ದಿನಗಳಲ್ಲಿ ಉದುರಿತು. ಗಂಡಸರು, ಹೆಂಗಸರು, ಮಕ್ಕಳು ಅಂತ ಇಲ್ಲ. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅಲ್ಲಿಗೆ ಹೋಗಿ ನೋಡಿ, ರೇಷನ್ ಗೋಧಿಯಲ್ಲಿ ಸೆಲೆನಿಯಂ ಬಹಳ ಇದೆ, ಅದೇ ಕಾರಣ ಅಂದರು. ಗೋಧಿ ಪಂಜಾಬ್, ಹರಿಯಾಣ ಕಡೆಯಿಂದ ಬಂದದ್ದು ಅಂತ ಪತ್ರಿಕೆಗಳು ಬರೆದವು. ಪಂಜಾಬಿನ ನವಾನ್‌ಶಹರ, ಹೋಶಿಯಾರ್‌ಪುರ ಕಡೆಯ ಕೆಲವು ಮಣ್ಣುಗಳಲ್ಲಿ ಸೆಲೆನಿಯಂ ಅತಿಯಾಗಿದೆ, ಅಲ್ಲಿ ದನಗಳ ಗೊರಸು ಕಳಚುತ್ತವೆ ಅನ್ನುವುದು ಹಳೆಯ ವಿಷಯ. ಒಂದು ಕಡೆಯ ಮಣ್ಣು ಲಾರಿ ಹತ್ತಿ ಇನ್ನೊಂದು ಕಡೆಯ ಗಂಗಾಳಕ್ಕೆ ಬರುತ್ತದೆ. ಮೊದಲು ನಮ್ಮ ಊಟ ನಮ್ಮ ಹೊಲದ್ದು ಆಗಿತ್ತು. ನಮ್ಮ ಡೋಣಿ ನದಿಯ ಹೆಸರಿನಲ್ಲಿ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಅನ್ನುತ್ತಿದ್ದರು. ಈಗ ಓಣಿಯ ಅಂಗಡಿಯ ಅಕ್ಕಿ ಎಲ್ಲಿಯದೋ, ಗೋಧಿ ಎಲ್ಲಿಯದೋ.

ಇಲ್ಲಿಗೆ ನನ್ನ ಮೊದಲ ಕೇಳಿಕೆ ಬರುತ್ತದೆ. ದಯವಿಟ್ಟು ಅಳೆಯಿರಿ.

ರೈತರಿಗೆ 2015ರಿಂದ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದ್ದೀರಿ. ಅದರಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಮಿಕ್ಕವು ಮಣ್ಣಿನ ಗುಣದವು. ಸೆಲೆನಿಯಂ ಇಲ್ಲ. ಬೆಳೆಗೆ ಅದು ಬೇಕಾಗಿಲ್ಲ, ಅದಕ್ಕೇ ಇಲ್ಲ. ಜೋಳದ ಗಿಡಕ್ಕೆ ಸೆಲೆನಿಯಂ ಇಲ್ಲದಿದ್ದರೂ ತೆನೆ ಬರುತ್ತದೆ. ಆದರೆ ಆ ತೆನೆ ತಿನ್ನುವ ಮುದುಕರಿಗೆ ಬೇಕು. ಚೀಟಿಯನ್ನು ಬೆಳೆಯ ಕಣ್ಣಿನಿಂದ ಮಾಡಿದ್ದಾರೆ, ಉಣ್ಣುವವರ ಕಣ್ಣಿನಿಂದ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮಗೆ ಹತ್ತಿರದಲ್ಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ದೇಶದ 528 ಆಹಾರಗಳ ಅಂಶ ಅಳೆದು ಪಟ್ಟಿ ಮಾಡಿತು, ಅದರಲ್ಲಿ ಸೆಲೆನಿಯಂ ಕೂಡ ಇದೆ. ಅಂದರೆ ಅಳೆಯುವ ಕೈ ನಮ್ಮ ದೇಶದಲ್ಲಿದೆ. ಡೋಣಿ ದಂಡೆಯ ಕಪ್ಪು ಮಣ್ಣು, ಇಂಡಿ ತಾಲೂಕಿನ ಮಡ್ಡಿ ನೆಲ, ಸಿಂದಗಿಯ ತೊಗರಿ, ತಾಳಿಕೋಟೆಯ ಬಿಳಿಜೋಳ, ಗೋದಾಮಿಗೆ ಬರುವ ರೇಷನ್ ಅಕ್ಕಿ ಗೋಧಿ, ಇವುಗಳ ಮಾದರಿ ಕಳಿಸಿ. ಬಂದ ಉತ್ತರವನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚಿ.

ಫಿನ್ಲೆಂಡ್ ದೇಶದವರು ಹೀಗೇ ಶುರು ಮಾಡಿದರು. ಅವರ ಮಣ್ಣಿನಲ್ಲಿ ಬೆಳೆಗೆ ಸಿಗುವ ಸೆಲೆನಿಯಂ ಕಡಿಮೆ ಅಂತ ಅಳೆದು ತಿಳಿದುಕೊಂಡರು. 1984ರಿಂದ ರಸಗೊಬ್ಬರದಲ್ಲೇ ಸೆಲೆನಿಯಂ ಬೆರೆಸಿದರು. ಧಾನ್ಯ, ಹಾಲು, ಮಾಂಸ, ಜನರ ರಕ್ತ ಎಲ್ಲದರಲ್ಲೂ ಪ್ರಮಾಣ ಏರಿತು. ಬೆರೆಸಿ ಸುಮ್ಮನೆ ಕೂರಲಿಲ್ಲ. ಅಳೆಯುತ್ತಲೇ ಇದ್ದರು. 1990ರಲ್ಲಿ ಜಾಸ್ತಿ ಅನ್ನಿಸಿ ಇಳಿಸಿದರು, 1998ರಲ್ಲಿ ಮತ್ತೆ ಏರಿಸಿದರು. ನಮ್ಮ ಗೊಬ್ಬರಕ್ಕೂ ಬೆರೆಸಿ ಅಂತ ನಾನು ಕೇಳುತ್ತಿಲ್ಲ. ಅವರ ಹಾಗೆ ಅಳೆದು ಮಾತಾಡೋಣ ಅಂತ ಅಷ್ಟೇ.

ಇನ್ನು ಎರಡನೆಯದು. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆ ಕಾಕಾನ ಮೂರನೆಯ ಸ್ಟ್ರಿಪ್ ಬಂದ ಶಿಬಿರದ ವಿಷಯ. ಒಂದು ಸಮುದಾಯ ಭವನದಲ್ಲಿ ನಡೆದದ್ದು. ಬಿಪಿ, ಸಕ್ಕರೆ ಪುಕ್ಕಟೆ ನೋಡುತ್ತೇವೆ ಅಂತ ಆಟೋದಲ್ಲಿ ಕೂಗಿಸಿದ್ದರು. ಮುದುಕರನ್ನು ಸಾಲಾಗಿ ಕುರ್ಚಿಯಲ್ಲಿ ಕೂಡಿಸಿ, ಕೈಯಲ್ಲಿ ಒಂದು ಯಂತ್ರದ ಹಿಡಿಕೆ ಹಿಡಿಸಿ, ಪರದೆಯ ಮೇಲೆ ಕೆಂಪು ಗೆರೆ ತೋರಿಸಿ, ‘ನಿಮ್ಮ ರೋಗನಿರೋಧಕ ಶಕ್ತಿ ಬಹಳ ಕಡಿಮೆ ಇದೆ’ ಅಂದರಂತೆ. ಆಮೇಲೆ ಮೂರು ತಿಂಗಳ ಗುಳಿಗೆ ಪೊಟ್ಟಣ, 1,800 ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಒಂದೂವರೆ ತಿಂಗಳ ಪಿಂಚಣಿ ಒಂದು ಪೊಟ್ಟಣಕ್ಕೆ ಹೋಯಿತು. ಕೈಯಲ್ಲಿ ಹಿಡಿಕೆ ಹಿಡಿದರೆ ಸೆಲೆನಿಯಂ ಗೊತ್ತಾಗುವುದಿಲ್ಲ. ಅದಕ್ಕೆ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಬೇಕು. ಹೆದರಿಸಿ ಮಾರುವ ಇಂಥ ಶಿಬಿರಗಳಿಗೆ ಪರವಾನಗಿ ಕೊಡುವ ಮೊದಲು ನಿಮ್ಮ ಇಲಾಖೆಯ ಒಬ್ಬರು ಬಂದು ಅಲ್ಲಿ ಕೂರಲಿ. ಅಲ್ಲಿ ಏನು ಮಾರುತ್ತಾರೆ, ಯಾವ ಪ್ರಮಾಣ ಅಂತ ನೋಡಲಿ.

ಅಲ್ಲಿ ಹೇಳದ ಇನ್ನೊಂದು ಮಾತೂ ಇದೆ. ಸೆಲೆನಿಯಂ ಗುಳಿಗೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದು ಅಂತ ಅಮೆರಿಕದಲ್ಲಿ 35,533 ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ದಿನಕ್ಕೆ 200 ಮೈಕ್ರೋಗ್ರಾಂ. ಉಪಯೋಗ ಕಾಣಲಿಲ್ಲ, 2008ರಲ್ಲಿ ನಿಲ್ಲಿಸಿದರು. ಮೈಯಲ್ಲಿ ಮೊದಲೇ ಸೆಲೆನಿಯಂ ಸಾಕಷ್ಟು ಇದ್ದವರು ಗುಳಿಗೆ ತಗೊಂಡಾಗ ಜೋರಾದ ಪ್ರಾಸ್ಟೇಟ್ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ ಆಮೇಲಿನ ವರದಿ ಹೇಳಿತು. ಅದಕ್ಕೂ ಹಿಂದಿನ ಇನ್ನೊಂದು ಪ್ರಯೋಗದಲ್ಲಿ, ಅದೇ 200 ಮೈಕ್ರೋಗ್ರಾಂ ವರ್ಷಗಟ್ಟಲೆ ತಗೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಬಂತು. ನನ್ನ ಅಂಗಡಿಗೆ ಬರುವ ಹಿರಿಯರಲ್ಲಿ ಸಕ್ಕರೆ ಕಾಯಿಲೆ ಇಲ್ಲದವರನ್ನು ಹುಡುಕಬೇಕು. ಅವರಿಗೆ ಯಾರೂ ಇದನ್ನು ಹೇಳಿಲ್ಲ. ಕೊರತೆ ಇದ್ದವರಿಗೆ ಸೆಲೆನಿಯಂ ಆಸರೆ. ಸಾಕಷ್ಟು ಇದ್ದವರಿಗೆ ಅದೇ ಭಾರ. ಯಾರಿಗೆ ಕೊರತೆ ಅಂತ ತಿಳಿಯದೆ ಎಲ್ಲರಿಗೂ ಹಂಚುವುದು, ಮಾರುವುದು ಎರಡೂ ತಪ್ಪು.

ಹಾಗಾದರೆ ಹಿರಿಯರಿಗೆ ಏನು ಕೊಡಬೇಕು? ಊಟ ಕೊಡಬೇಕು.

ನಮ್ಮ ಅವ್ವನಿಗೆ 78. ತಾಳಿಕೋಟೆ ಕಡೆಯವಳು. ಹೋದ ವರ್ಷ ಥಂಡಿಯಲ್ಲಿ ಮೂರು ವಾರ ಕೆಮ್ಮಿದಳು. ತೂಕ 41 ಕಿಲೋಗೆ ಇಳಿಯಿತು. ಔಷಧ ಅಂಗಡಿಯವಳ ಅವ್ವ, ಆದರೂ ನಾನು ಅವಳ ಊಟ ನೋಡಿರಲಿಲ್ಲ. ನಾನು ಬೆಳಿಗ್ಗೆ ಅಂಗಡಿಗೆ ಹೋದ ಮೇಲೆ ಅವಳು ಚಹಾದಲ್ಲಿ ಟೋಸ್ಟ್ ಅದ್ದಿಕೊಂಡು ತಿಂದು ಮಲಗುತ್ತಿದ್ದಳು. ರೊಟ್ಟಿ ಅಗಿಯಲು ಬರುವುದಿಲ್ಲ ಅಂತ ಬಿಟ್ಟಿದ್ದಳು, ಹೇಳಿರಲಿಲ್ಲ. ಈಗ ಹಂಚಿನ ಮೇಲಿಂದ ಬಿಸಿ ಜೋಳದ ರೊಟ್ಟಿ ತೆಗೆದ ಕೂಡಲೇ ಮುರಿದು ಕಲ್ಲಿಗೆ ಹಾಕುತ್ತೇನೆ. ಎರಡು ಎಸಳು ಬೆಳ್ಳುಳ್ಳಿ, ಚೂರು ಜೀರಿಗೆ, ಉಪ್ಪು, ಸ್ವಲ್ಪ ಖಾರ, ಒಂದು ಚಮಚ ತುಪ್ಪ. ಬಿಸಿ ಇರುವಾಗಲೇ ಕುಟ್ಟಿದರೆ ರೊಟ್ಟಿ ಮೆತ್ತಗೆ ಮುದ್ದೆ ಆಗುತ್ತದೆ. ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ಕೊಟ್ಟರೆ ಹಲ್ಲಿಲ್ಲದ ಬಾಯಿಯಲ್ಲೂ ಕರಗುತ್ತದೆ. ಇದೇ ಮುಟಗಿ. ಅವ್ವ ನಮಗೆ ಚಿಕ್ಕಂದಿನಲ್ಲಿ ಮಾಡಿ ಕೊಡುತ್ತಿದ್ದದ್ದು. ಜೊತೆಗೆ ಗಟ್ಟಿ ಬೇಳೆ, ಮೆತ್ತಗೆ ಬೇಯಿಸಿದ ಮಡಿಕೆ ಕಾಳು, ರಾತ್ರಿ ಜೋಳದ ನುಚ್ಚಿಗೆ ಮೊಸರು, ಮೇಲೆ ಎಳ್ಳು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಅವಳು ಮೊಟ್ಟೆ ಮುಟ್ಟುವುದಿಲ್ಲ, ನಾನು ಒತ್ತಾಯ ಮಾಡುವುದಿಲ್ಲ. ಈಗ ತೂಕ 44. ಸೆಲೆನಿಯಂ ಬಂದು ಕೆಮ್ಮು ಓಡಿತು ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಊಟದಲ್ಲಿ ಸೆಲೆನಿಯಂ ಒಂದೇ ಬರುವುದಿಲ್ಲ. ಪ್ರೋಟೀನ್ ಬರುತ್ತದೆ, ಸತು, ಕಬ್ಬಿಣ ಬರುತ್ತದೆ. ಬಿಳಿ ಕಣಗಳಿಗೆ ಇವೆಲ್ಲ ಬೇಕು. ಸ್ಟ್ರಿಪ್‌ನಲ್ಲಿ ಆ ಒಟ್ಟು ಲೆಕ್ಕ ಸಿಗುವುದಿಲ್ಲ.

ತಿನ್ನುವವರಿಗೆ ಮೊಟ್ಟೆಯಷ್ಟು ಸುಲಭ ಬೇರೆ ಇಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಒಂದು ದೊಡ್ಡ ಮೊಟ್ಟೆಗೆ ಸುಮಾರು 15 ಮೈಕ್ರೋಗ್ರಾಂ ಸೆಲೆನಿಯಂ ಅಂತ ಇದೆ. ಫಾರಂ ಕೋಳಿಗಳ ಮೇವಿನ ಖನಿಜ ಮಿಶ್ರಣದಲ್ಲಿ ಸೆಲೆನಿಯಂ ಬೆರೆಸುವ ರೂಢಿ ಇದೆ. ಹಾಗಾಗಿ ಹೊಲದ ಮಣ್ಣು ಹೇಗೇ ಇದ್ದರೂ ಮೊಟ್ಟೆಯಲ್ಲಿ ಅದು ಸಿಗುತ್ತದೆ. ಬೇಯಿಸಿದರೆ ಮೆತ್ತಗೆ, ಹಲ್ಲು ಬೇಡ. ಆಲಮಟ್ಟಿ ಹಿನ್ನೀರಿನ ಮೀನೂ ಒಳ್ಳೆಯದೇ, ಆದರೆ ಮುಳ್ಳು ತೆಗೆದು ಕೊಡಲು ಪಕ್ಕದಲ್ಲಿ ಯಾರಾದರೂ ಬೇಕಲ್ಲ.

2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಮೊದಲು ಕೊಟ್ಟ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. ಆಗ ಎಷ್ಟು ವಿರೋಧ ಇತ್ತು ಅಂತ ನಿಮಗೂ ನೆನಪಿರಬೇಕು. ಬೇಡ ಅಂದವರಿಗೆ ಬಾಳೆಹಣ್ಣು ಕೊಟ್ಟರು, ಕೆಲಸ ನಿಲ್ಲಲಿಲ್ಲ. 2024ರಿಂದ ವಾರಕ್ಕೆ ಆರು ದಿನ ಆಯಿತು. ಸರ್ಕಾರ ಎರಡು ದಿನ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನಾಲ್ಕು ದಿನ. ಮಗುವಿಗೆ ಊಟ ಹಾಕಲು ನಮಗೆ ದಾರಿ ಸಿಕ್ಕಿತು. ಅದೇ ಓಣಿಯಲ್ಲಿ, ಅದೇ ಶಾಲೆಯ ಗೋಡೆಗೆ ಒರಗಿ ಕೂತಿರುವ ಅಜ್ಜಿಗೆ ಯಾಕೆ ಸಿಗಬಾರದು? ಮಕ್ಕಳು ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಮನೆಯಲ್ಲಿ ಇಬ್ಬರು ಮುದುಕರು, ಕೆಲವು ಕಡೆ ಒಬ್ಬರೇ. ಒಬ್ಬರಿಗೋಸ್ಕರ ಒಲೆ ಹಚ್ಚುವ ಮನಸ್ಸು ಬರುವುದಿಲ್ಲ. ರೇಷನ್ ಅಕ್ಕಿ ಇದೆ, ಅದಕ್ಕೆ ಅನ್ನ. ಬೇಳೆ ತುಟ್ಟಿ, ಅದಕ್ಕೆ ನೀರು ಸಾರು.

ಬಿಸಿಯೂಟ ಹೇಗೂ ಶಾಲೆಯಲ್ಲಿ ಬೇಯುತ್ತದೆ. ಒಂಟಿಯಾಗಿರುವ, 65 ದಾಟಿದ, ಪಿಂಚಣಿ ಪಟ್ಟಿಯಲ್ಲಿರುವ ಹಿರಿಯರಿಗೆ ಮಧ್ಯಾಹ್ನ ಒಂದು ಬೇಯಿಸಿದ ಮೊಟ್ಟೆ ಮತ್ತು ಗಟ್ಟಿ ಬೇಳೆ, ಮೊಟ್ಟೆ ಬೇಡ ಅಂದವರಿಗೆ ಕಾಳು ಮತ್ತು ಮೊಸರು. ಎಲ್ಲ ತಾಲೂಕಿನಲ್ಲೂ ಒಮ್ಮೆಗೇ ಬೇಡ. ಮೊದಲು ಎರಡು ಹಳ್ಳಿ ತಗೊಳ್ಳಿ. ಆರು ತಿಂಗಳು ಕೊಡಿ. ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ತೂಕ ನೋಡಿ, ಎಷ್ಟು ಸಲ ಜ್ವರ ಬಂತು, ಎಷ್ಟು ದಿನ ಕೆಮ್ಮು ಇತ್ತು ಅಂತ ಬರೆದಿಡಿ. ಸಾಧ್ಯ ಆದರೆ ರಕ್ತದ ಸೆಲೆನಿಯಂ ಕೂಡ ನೋಡಿಸಿ. ಆಗ ನಿಮ್ಮ ಕೈಯಲ್ಲಿ ನಮ್ಮದೇ ಜಿಲ್ಲೆಯ ಲೆಕ್ಕ ಇರುತ್ತದೆ, ಫ್ರಾನ್ಸಿನದ್ದೋ ಚೀನಾದ್ದೋ ಅಲ್ಲ.

ಆಶಾ ಅಕ್ಕಂದಿರ ಮೇಲೆ ಕೆಲಸದ ಹೊರೆ ಮೊದಲೇ ಜಾಸ್ತಿ ಇದೆ, ಗೊತ್ತು. ಅವರಿಗೆ ಹೊಸ ರಿಜಿಸ್ಟರ್ ಬೇಡ. ಬಿಪಿ ನೋಡುವಾಗ ಎರಡು ಪ್ರಶ್ನೆ ಕೇಳಲಿ ಸಾಕು. ನಿನ್ನೆ ಏನು ಉಂಡಿರಿ? ಡಾಕ್ಟರ್ ಬರೆಯದ ಯಾವ ಗುಳಿಗೆ ನುಂಗುತ್ತೀರಿ? ಆ ಕೆಲಸಕ್ಕೆ ಒಂದಿಷ್ಟು ಭತ್ಯೆಯನ್ನೂ ಕೊಡಿ. ಹಲ್ಲಿನ ವಿಷಯವೂ ಇದೇ ಜಾಗಕ್ಕೆ ಸೇರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಬಡ ಹಿರಿಯರಿಗೆ ಕಟ್ಟುಹಲ್ಲು ಬೇಗ ಸಿಗುವ ಹಾಗೆ ಮಾಡಿ. ಹಲ್ಲು ಬಂದರೆ ರೊಟ್ಟಿ ವಾಪಸ್ ಬರುತ್ತದೆ, ರೊಟ್ಟಿಯ ಜೊತೆ ಪಲ್ಯ, ಕಾಳು ಬರುತ್ತವೆ. ಇನ್ನು ಫ್ಲೂ, ನ್ಯುಮೋನಿಯಾ ಲಸಿಕೆ. ದುಡ್ಡಿದ್ದವರು ಖಾಸಗಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಬಡವರಿಗೆ ಅದು ಕೈಗೆಟುಕುವುದಿಲ್ಲ. ಯಾವ ಊಟವೂ ಲಸಿಕೆಯ ಜಾಗ ತುಂಬುವುದಿಲ್ಲ, ಯಾವ ಗುಳಿಗೆಯೂ ತುಂಬುವುದಿಲ್ಲ. ಒಳ್ಳೆಯ ಊಟ ಇದ್ದರೆ ಹಾಕಿದ ಲಸಿಕೆ ಮೈಗೆ ಹತ್ತುತ್ತದೆ.

ಔಷಧ ಅಂಗಡಿಯವರಿಗೂ ಒಂದು ಮಾತು ಹೇಳಿ. ನಿಮ್ಮಿಂದ ಬಂದರೆ ಅದಕ್ಕೆ ತೂಕ. ಚೀಟಿ ಇಲ್ಲದೆ ಇಂಥ ಗುಳಿಗೆ ಕೇಳಿದ ಹಿರಿಯರಿಗೆ, ಬೇರೆ ಏನು ತಗೊಳ್ಳುತ್ತೀರಿ ಅಂತ ಕೇಳದೆ ಕೊಡಬೇಡಿ ಅಂತ. ನಾನು ನನ್ನ ಅಂಗಡಿಯಲ್ಲಿ ಶುರು ಮಾಡಿದ್ದೇನೆ. ಕೌಂಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ‘ನಿಮ್ಮ ಮನೆಯಲ್ಲಿರುವ ಎಲ್ಲ ಗುಳಿಗೆ ತಂದು ತೋರಿಸಿ. ನೋಡಲು ದುಡ್ಡಿಲ್ಲ.’ ದಿನಕ್ಕೆ ನಾಲ್ಕೈದು ಜನ ಚೀಲ ತರುತ್ತಾರೆ. ಕಾಕಾ ಈಗ ಮೂರು ಸ್ಟ್ರಿಪ್ ಬಿಟ್ಟಿದ್ದಾರೆ. ಅವರ ಡಾಕ್ಟರನ್ನು ಕೇಳಿಯೇ ಬಿಡಿಸಿದ್ದು. ಅವರ ಓಣಿಯ ಒಬ್ಬ ಹೆಣ್ಣುಮಗಳಿಗೆ ಮುಟಗಿ ಮಾಡಿ ಕೊಡಲು ಹೇಳಿದ್ದೇನೆ. ಅವಳು ಮಾಡುತ್ತಿದ್ದಾಳೆ. ಮೊನ್ನೆ ಬಿಪಿ ಗುಳಿಗೆಗೆ ಬಂದಾಗ ‘ಖಾರ ಸ್ವಲ್ಪ ಜಾಸ್ತಿ ಹಾಕ್ತಾಳ ತಂಗಿ’ ಅಂದರು.

ಮೂರು ಬಟ್ಟೆ ಚೀಲ ತಯಾರು ಮಾಡಿ ಇಟ್ಟಿದ್ದೇನೆ. ಒಂದರಲ್ಲಿ ಅವ್ವನ ಊರಿನ ಹೊಲದ ಬಿಳಿಜೋಳ, ಅರ್ಧ ಕಿಲೋ. ಇನ್ನೊಂದರಲ್ಲಿ ಈ ತಿಂಗಳ ರೇಷನ್ ಅಕ್ಕಿ. ಮೂರನೆಯದರಲ್ಲಿ ಸಂತೆಯಲ್ಲಿ ಕೊಂಡ ಗೋಧಿ. ಯಾವ ಊರು, ಯಾವ ಅಂಗಡಿ, ಯಾವ ದಿನ ಅಂತ ಚೀಟಿ ಬರೆದು ಕಟ್ಟಿದ್ದೇನೆ. ಪರೀಕ್ಷೆಗೆ ಕಳಿಸಲು ನಿಮ್ಮ ಕಡೆಯಿಂದ ಯಾರು ಬಂದರೂ ಕೊಡುತ್ತೇನೆ. ಅಂಗಡಿ ಬೆಳಿಗ್ಗೆ 9ಕ್ಕೆ ತೆಗೆಯುತ್ತೇನೆ, ರಾತ್ರಿ 9.30ರವರೆಗೆ ಇರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ವಿಜಯಪುರದ ಒಬ್ಬ ಔಷಧ ಅಂಗಡಿಯವಳು